ನೀಲಿ ಬಕೆಟ್ಟಿನ ಮೂವತ್ತೊಂದು ಮೀನು

ಅಕ್ಕಾ,

ನಾನು ಕೆಲಸಕ್ಕೆ ಹೊರಟೆ. ನೀನಿನ್ನೂ ಗೊರಕೆ ಹೊಡೆಯುತ್ತಿದ್ದೀಯ, ಅದಕ್ಕೇ ಈ ಚೀಟಿ.

ಬಚ್ಚಲಿನ ನೀಲಿ ಬಕೆಟ್ಟಿನಲ್ಲಿ ಗಾಳಕ್ಕೆ ಸಿಕ್ಕಿಸಲು ತಂದ ಮರಿಮೀನುಗಳಿವೆ. ನಲವತ್ತು ತಂದಿದ್ದೆ, ಈಗ ಮೂವತ್ತೊಂದು. ನಾಲ್ಕು ನಿನ್ನ ಕರುಣೆಗೆ ಹೋದವು. ಪಾಪ ಚಳಿಯಾಗುತ್ತೆ ಅಂತ ಬಿಸಿನೀರು ಹುಯ್ದವಳು ನೀನೇ. ಇನ್ನೈದನ್ನು ಅಪ್ಪ ಕಣ್ಣಿಗೆ ಸೋಪು ಹತ್ತಿದಾಗ ಚೊಂಬಿನಲ್ಲಿ ಮೊಗೆದು ತಲೆಗೆ ಸುರಿದುಕೊಂಡರು. ಇವತ್ತು ಅವರ ಸ್ನಾನಕ್ಕೆ ಕೆಂಪು ಬಕೆಟ್ಟು ಕೊಡು.

ಮಧ್ಯಾಹ್ನ ಅರ್ಧ ನೀರು ಚೆಲ್ಲಿ (ಮೀನನ್ನಲ್ಲ), ನಿನ್ನೆಯಿಂದ ಕೊಡದಲ್ಲಿ ತೆರೆದಿಟ್ಟಿರುವ ನೀರು ಹಾಕು. ನಲ್ಲಿಯಿಂದ ನೇರ ಹಿಡಿದರೆ ಬ್ಲೀಚಿಂಗ್ ಪುಡಿಗೆ ಸಾಯುತ್ತವೆ. ಗಾಳಿ ಪಂಪಿನ ಪ್ಲಗ್ಗು ಕಿತ್ತು ಅಲ್ಲಿ ನಿನ್ನ ಮೊಬೈಲು ಚಾರ್ಜಿಗೆ ಹಾಕಬೇಡ. ಊಟ ಒಂದೇ ಚಿಟಿಕೆ. ನೆಂಟರಿಗೆ ಬಡಿಸಿದ ಹಾಗೆ ಬಡಿಸಬೇಡ.

ಭಾನುವಾರ ಕೆರೆಯಲ್ಲಿ ಗಾಳ ಹಾಕಿ ಕೂತು, ಮಾವನ ಎದುರು ಮೂರನೇ ಸಲ ಬರಿಗೈಯಲ್ಲಿ ಏಳಲಾರೆ. ಹೋದ ಸಲ ನನ್ನ ಖಾಲಿ ಬುಟ್ಟಿ ನೋಡಿ, "ಏನಪ್ಪಾ ಅಳಿಯ, ಮೀನಿಗೆ ಈಜು ಕಲಿಸೋಕೆ ಬಂದಿದ್ಯಾ?" ಅಂದರು. ಕೆರೆ ದಂಡೆಯವರೆಲ್ಲ ನಕ್ಕರು.

ಆಮೇಲೆ, ಅವಕ್ಕೆ ಹೆಸರಿಡುವುದನ್ನು ದಯವಿಟ್ಟು ನಿಲ್ಲಿಸು. ಗಾಳಕ್ಕೆ ಚುಚ್ಚುವ ಮೀನಿಗೆ ಯಾರಾದರೂ ಹೆಸರಿಡುತ್ತಾರಾ? ಬೆಳಿಗ್ಗೆ ಪಂಪು ಸರಿಮಾಡಲು ಕೈಯಿಟ್ಟರೆ, ನಿನ್ನ ಆ ಬಾಲ ಹರಿದ ಮೇಷ್ಟ್ರು ಬಂದು ನನ್ನ ಬೆರಳನ್ನು ಮೂಸಿ ಅಲ್ಲೇ ನಿಂತುಬಿಟ್ಟರು.

ಅವರನ್ನು ಗಾಜಿನ ಭರಣಿಗೆ ಹಾಕಿ ನಿನ್ನ ಕೋಣೆಯಲ್ಲಿ ಬಚ್ಚಿಡು. ಭಾನುವಾರ ನಾನೇ ಬಂದು ಕೇಳಿದರೂ ತೀರಿಕೊಂಡರು ಅಂತಲೇ ಹೇಳು.