ಮರಿ ಅತ್ತೆ ಮನೆಯಲ್ಲಿಲ್ಲ

ರೀ,

ಡೈರಿಗೆ ಹಾಲು ಹಾಕಿ ಹಾಗೇ ಹೊಲಕ್ಕೆ ಹೋಗುತ್ತೇನೆ. ಅಡುಗೆ ಒಲೆಯ ಮೇಲಿದೆ.

ಆಡಿನ ಮರಿ ಸತ್ತದ್ದನ್ನು ಮುಚ್ಚಿಟ್ಟು, "ಅತ್ತೆ ಮನೆಗೆ ಹೋಗಿದೆ ಪುಟ್ಟಿ" ಎಂದು ಮಗಳಿಗೆ ಹೇಳಿದವರು ನೀವು. ಶಾಲೆಯಲ್ಲಿ ತಲೆ ತಗ್ಗಿಸಿ ನಿಂತವಳು ನಾನು. ನಿನ್ನೆಯೂ ಕರೆಸಿದ್ದರು. "ನಿನ್ನ ಮರಿ ಸತ್ತೋಯ್ತಂತೆ" ಎಂದ ಗೆಳತಿಯ ಕೈಯನ್ನು ಪುಟ್ಟಿ ಕಚ್ಚಿದ್ದಾಳಂತೆ. "ಮೊದಲು ಮನೇಲಿ ನಿಜ ಹೇಳ್ರಮ್ಮ, ಮಗು ಅಳಲಿ ಬಿಡಿ" ಎಂದರು ಟೀಚರ್.

ಸಂಜೆ ಅವಳ ಅತ್ತೆ, ನಿಮ್ಮ ತಂಗಿ, ಬರುತ್ತಾಳೆ. ಅಷ್ಟರೊಳಗೆ ನೀವೇ ಮಗಳಿಗೆ ನಿಜ ಹೇಳಿ, ನನ್ನ ತಲೆಗೆ ಕಟ್ಟಬೇಡಿ. ಅತ್ತರೆ ಮಿಠಾಯಿ ತರಲು ಅಂಗಡಿಗೆ ಓಡಬೇಡಿ, ಪಕ್ಕದಲ್ಲೇ ಕೂತಿರಿ.

ಬಾಗಿಲ ಹಿಂದಿರುವ ಸೊಪ್ಪಿನ ಕಟ್ಟನ್ನು ಆಡಿಗೆ ಹಾಕಿಬಿಟ್ಟೀರಿ, ಜೋಕೆ. ಅತ್ತೆಯ ಕೈಲಿ ಮರಿಗೆ ಕಳಿಸಲು ಪುಟ್ಟಿಯೇ ಕಟ್ಟಿಟ್ಟದ್ದು.