ನಡುವಿನ ಬಳ್ಳಿ

ಸಂತೆಯ ಹಿಂದಿನ ವಸತಿಗೃಹ,
ಫೆಬ್ರವರಿ ೧೧, ಬೆಳಿಗ್ಗೆ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವನ ಕೆಮ್ಮು ಇಳಿಯಿತೇ? ಆರು ವರ್ಷ ಬಾಯಿ ಹೊಲಿದುಕೊಂಡಿದ್ದವನು ಆರೋಗ್ಯ ವಿಚಾರಿಸಿದರೆ ನಗು ಬರಬಹುದು. ನಗು. ನೀನು ನಕ್ಕರೆ ಅರ್ಧ ಸಿಟ್ಟು ಇಳಿದಂತೆ ಎಂದು ಅಪ್ಪ ಹೇಳುತ್ತಿದ್ದ.

ನಾನು ಈಗಲೂ ಜಾಮ್ ಕಾರ್ಖಾನೆಗೆ ಹಣ್ಣು ಗೊತ್ತುಮಾಡುತ್ತ ತಿರುಗುತ್ತೇನೆ. ವಾರಕ್ಕೆ ನಾಲ್ಕು ತೋಟ, ಎರಡು ಸಂತೆ. ಬೇರೆಯವರ ಅಂಗಳದಲ್ಲಿ ಕೂತು, ಬೇರೆಯವರ ಹಣ್ಣು ಹಿಚುಕಿ ನೋಡಿ, "ಪರವಾಗಿಲ್ಲ" ಎನ್ನುವುದೇ ನನ್ನ ಉದ್ಯೋಗ. ಚೆನ್ನಾಗಿದೆ ಎಂದರೆ ಬೆಲೆ ಏರುತ್ತದೆ. ಮನೆಯಲ್ಲೂ ಅದೇ ಚಾಳಿ ಎಂದು ನನ್ನವಳ ದೂರು. ನಿನ್ನೆ ಸಂತೆಯಲ್ಲಿ ಒಬ್ಬಳು ಸೇಬನ್ನು ತೋಳಿಗೆ ಉಜ್ಜಿ, ಕಚ್ಚಿ, ಉಳಿದದ್ದನ್ನು ಪಕ್ಕದವನ ಕೈಗೆ ತುರುಕಿದಳು. ನೀನೇ ಎಂದುಕೊಂಡು ತಕ್ಕಡಿಗಳ ನಡುವೆ ಸ್ವಲ್ಪ ದೂರ ಅವಳ ಹಿಂದೆ ಹೋದೆ. ನೀನಲ್ಲ.

ಆಮೇಲೆ, ಇಷ್ಟು ವರ್ಷ ತಪ್ಪಿಸಿಕೊಂಡು ಬಂದ ದಾರಿಯನ್ನೇ ಹಿಡಿದು ಅಪ್ಪನ ದ್ರಾಕ್ಷಿತೋಟಕ್ಕೆ ಹೋದೆ. ಅಪ್ಪ ಹೋದ ಮೇಲೆ ನಿನ್ನನ್ನು ಒಂದು ಮಾತೂ ಕೇಳದೆ ನಾನು ಮಾರಿದ ತೋಟ. ಅಂದಿನಿಂದ ನಮ್ಮ ನಡುವೆ ಮಾತಿಲ್ಲ. ಈಗ ಬಳ್ಳಿ ಸವರುವ ಕಾಲ. ಬಾವಿಯ ಪಕ್ಕದ ಸಾಲಿನಲ್ಲಿ ನಿಂತೆ. ನಾವಿಬ್ಬರೂ ಒಂದೊಂದು ತುದಿಯಿಂದ ಸವರುತ್ತ ಬಂದು, ನಡುವಿನ ಬಳ್ಳಿ ಯಾರದೆಂದು ಕಿತ್ತಾಡುತ್ತಿದ್ದ ಸಾಲು. ಆ ಬಳ್ಳಿಯವರೆಗೆ ಅರ್ಧ ಸಾಲು ಸವರಿ ಆಗಿತ್ತು. ಕೊಂಬೆಗೆ ಎರಡೇ ಚಿಗುರುಗಣ್ಣು ಬಿಟ್ಟು ಕತ್ತರಿಸಿದ್ದರು, ಓರೆ ಎಡಕ್ಕೆ. ನಿನ್ನಂಥ ಎಡಗೈಯವರ ಕತ್ತರಿ. ಇದನ್ನು ಸವರಿದ್ದು ಯಾರು ಎಂದು ಕೇಳಿದೆ.

ತೋಟದ ಈಗಿನ ಒಡತಿ ನಕ್ಕುಬಿಟ್ಟರು. "ನಿಮ್ಮಕ್ಕ ಪ್ರತಿ ವರ್ಷ ಬರ್ತಾರೆ. ಕೂಲಿ ಅಂದ್ರೆ ಬೈತಾರೆ. 'ಉಳಿದದ್ದು ನನ್ನ ತಮ್ಮಂದು, ಆ ಸೋಮಾರಿ ಬರ್ತಾನೆ, ಮುಟ್ಟಬೇಡಿ' ಅಂತಾರೆ. ಹದಿನೈದು ದಿನ ಕಾದು ನಾವೇ ಮುಗಿಸ್ತೀವಿ."

ಆರು ವರ್ಷ, ಆರು ಅರ್ಧ ಸಾಲು.

ಮಾರಿದ್ದು ತಪ್ಪೇ ಎಂದು ನನಗೆ ಈಗಲೂ ಗೊತ್ತಿಲ್ಲ. ಕೇಳದೆ ಮಾರಿದ್ದು ತಪ್ಪು.

ಭಾವನಿಗೆ ನಮಸ್ಕಾರ. ಮಗಳಿಗೆ ಒಂದು ಮುತ್ತು. ಅವಳು ಈಗ ಮುಖ ಒರೆಸಿಕೊಳ್ಳುವ ವಯಸ್ಸಿಗೆ ಬಂದಿರಬೇಕು.

ನಿನ್ನ ಸೋಮಾರಿ

ಮರೆತಿದ್ದೆ: ನನ್ನ ಅರ್ಧ ಸವರಿ ಬಂದೆ. ಅಂಗೈ ಬೊಬ್ಬೆ ಎದ್ದಿದೆ, ಅಕ್ಷರ ಸೊಟ್ಟಗಿರುವುದು ಅದಕ್ಕೇ. ನಡುವಿನ ಬಳ್ಳಿ ಹಾಗೇ ಇದೆ, ಮುಟ್ಟಬೇಡಿ ಎಂದು ನಾನೂ ಹೇಳಿದ್ದೇನೆ. ಭಾನುವಾರ ಬೆಳಿಗ್ಗೆ ಅಲ್ಲೇ ಇರುತ್ತೇನೆ. ಬಾ, ಜಗಳ ಆಡೋಣ.