ಕಸದ ಬುಟ್ಟಿಗೆ ಬಿದ್ದ ಬಾಣಂತಿ ಲೇಹ್ಯ

ವಿಮಾನ ನಿಲ್ದಾಣದ ಭದ್ರತಾ ತಪಾಸಣೆಯ ಮುಖ್ಯಾಧಿಕಾರಿಗಳೇ,

ಕಳೆದ ಮಂಗಳವಾರ ನಿಮ್ಮ ಸಿಬ್ಬಂದಿ ನನ್ನ ಹೆಂಡತಿ ಅಮ್ಮಣಿಯ ಕೈಚೀಲದಿಂದ ಒಂದು ಕಿಲೋ ಬಾಣಂತಿ ಲೇಹ್ಯ ತೆಗೆದು ಕಸದ ಬುಟ್ಟಿಗೆ ಹಾಕಿದರು. ಅದನ್ನು ವಾಪಸು ಪಡೆದುಕೊಳ್ಳಲು, ಅವಳನ್ನು ಬೀಳ್ಕೊಡಲು ಬಂದ ನಾನು ಗಾಜಿನ ಬಾಗಿಲಾಚೆ, ಹೆಚ್ಚೆಂದರೆ ನಲ್ವತ್ತು ಹೆಜ್ಜೆ ದೂರದಲ್ಲಿ ನಿಂತೇ ಇದ್ದೆ.

ಮಸ್ಕತ್‌ನಲ್ಲಿ ನಮ್ಮ ಮಗಳು ಮೋಕ್ಷಾ ಹೆತ್ತು ಒಂಬತ್ತು ದಿನವಾಗಿತ್ತು. ಮೆಂತೆ, ಶುಂಠಿ, ಓಲೆಬೆಲ್ಲ, ತುಪ್ಪ ಹಾಕಿ ಅಮ್ಮಣಿ ಎರಡು ದಿನ ಒಲೆಯ ಮುಂದೆ ನಿಂತು ತಿರುವಿದ ಮದ್ದು ಅದು. ದೊಡ್ಡ ಪೆಟ್ಟಿಗೆಯಲ್ಲಿ ಯಾಕೆ ಇಡಲಿಲ್ಲ ಎನ್ನುತ್ತೀರಾ? ಅದರಲ್ಲಿ ಅಳಿಯ ಮುಖೇಶನ ಒಣಸಿಗಡಿ ಇತ್ತು. ಬಾಣಂತಿಯ ಮದ್ದಿಗೆ ಸಿಗಡಿಯ ವಾಸನೆ ತಾಗಬಾರದೆಂದು ಕೈಚೀಲಕ್ಕೆ ಹಾಕಿದೆವು. ತಪ್ಪು ನಮ್ಮದೇ, ಒಪ್ಪಿದೆ. ಆದರೆ ಕೈಚೀಲದಲ್ಲಿ ಲೇಹ್ಯ ಒಯ್ಯಬಾರದೆಂದು ಪೆಟ್ಟಿಗೆ ತೂಗುವಲ್ಲೇ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿದ್ದರೆ ನಿಮ್ಮ ಗೋಡೆಗೇನು ಭಾರವಾಗುತ್ತಿತ್ತೇ?

ಅಮ್ಮಣಿ ನನಗೆ ಫೋನ್ ಹಚ್ಚಿಕೊಂಡೇ ವಾದಿಸಿದಳು. ಎಲ್ಲ ಕೇಳಿಸುತ್ತಿತ್ತು.

"ಇದು ಪೇಸ್ಟ್ ಅಮ್ಮ, ಇಷ್ಟೆಲ್ಲ ತಕೊಂಡು ಹೋಗ್ಲಿಕ್ಕಿಲ್ಲ."

"ಪೇಸ್ಟ್ ಎಂತದು ಮಾರಾಯ್ತಿ, ಮದ್ದು."

"ಮದ್ದಾದ್ರೆ ಡಾಕ್ಟ್ರ ಚೀಟಿ ಉಂಟಾ?"

"ನನ್ನತ್ತೆ ಚೀಟಿ ಬರೀಲಿಲ್ಲ, ಬಾಯಲ್ಲೇ ಹೇಳಿಕೊಟ್ಟದ್ದು. ಆಯ್ತು, ಹೊರಗೆ ನಮ್ಮವರಿದ್ದಾರೆ, ಅವರಿಗಾದ್ರೂ ಕೊಡಿ."

"ಒಳಗೆ ಬಂದದ್ದನ್ನು ಹೊರಗೆ ಕೊಡ್ಲಿಕ್ಕೆ ಕ್ರಮ ಇಲ್ಲ."

ಆಮೇಲೆ ಡಬ್ಬಿ ಬಿದ್ದ ಸದ್ದು.

ಮಾನ್ಯರೇ, ಹಾರುವ ವಿಮಾನಕ್ಕೆ ಲೇಹ್ಯದಿಂದ ಅಪಾಯವೆಂದರೆ ನಂಬುತ್ತೇನೆ. ಅದನ್ನು ಮನೆಗೆ ವಾಪಸು ಒಯ್ಯಬಹುದಾಗಿದ್ದ ನನ್ನ ಸ್ಕೂಟರಿಗೂ ಅಪಾಯವೇ? ಅಷ್ಟು ಭಯಂಕರ ವಸ್ತುವನ್ನು ಜನ ಸಾಲು ನಿಂತ ಜಾಗದಲ್ಲೇ, ನಿಮ್ಮ ಮೇಜಿನ ಬದಿಯ ಬುಟ್ಟಿಯಲ್ಲಿ, ಇಡೀ ದಿನ ಇಟ್ಟುಕೊಳ್ಳುವ ನಿಮ್ಮ ಧೈರ್ಯ ಮೆಚ್ಚತಕ್ಕದ್ದೇ. ಮಣ್ಣಗುಡ್ಡದ ನನ್ನ ಅಂಗಡಿಯಲ್ಲಿ ಗಿರಾಕಿ ಮರೆತುಹೋದ ಮುರುಕು ಕೊಡೆಗೂ ಹೆಸರು ಬರೆದ ಚೀಟಿ ಅಂಟಿಸಿ ತೆಗೆದಿಡುತ್ತೇವೆ. ಇಷ್ಟು ದೊಡ್ಡ ನಿಲ್ದಾಣದಲ್ಲಿ ಒಂದು ಕಪಾಟಿಗೆ ಜಾಗವಿಲ್ಲವೇ?

ಸಿಗಡಿ ಸುಖವಾಗಿ ಮಸ್ಕತ್ ತಲುಪಿತು. ಲೇಹ್ಯ ಎಲ್ಲಿ ಎಂದು ಮಗಳು ಕೇಳಿದಾಗ ಅಮ್ಮಣಿ, "ಒಲೆ ಬದಿಯಲ್ಲೇ ಮರೆತು ಬಂದೆ ಮಗಾ" ಎಂದಳಂತೆ. ತನಗಾಗಿ ಮಾಡಿದ ಮದ್ದು ಕಸಕ್ಕೆ ಹೋಯಿತೆಂದು ಹಸಿ ಬಾಣಂತಿ ಅಳಬಾರದಲ್ಲ? ಈಗ ಬೀಗರ ಮನೆಯಲ್ಲಿ ಅಮ್ಮಣಿಗೆ ಮರೆವಿನ ಅತ್ತೆ ಎಂಬ ಹೆಸರು.

ಹೊರಗೆ ಕಾದವರಿಗೆ ವಸ್ತು ಹಿಂತಿರುಗಿಸುವ ಒಂದು ಕಿಟಕಿ ತೆರೆಯಿರಿ. ಜೊತೆಗೆ ನಿಮ್ಮ ಮೊಹರು ಒತ್ತಿ ಒಂದೇ ಸಾಲು ಬರೆದು ಕಳಿಸಿ: ಅಮ್ಮಣಿ ಮರೆಯಲಿಲ್ಲ, ನಾವು ತೆಗೆದುಕೊಂಡೆವು. ಮಗಳಿಗೆ ಅದನ್ನು ನಾನೇ ಓದಿ ಹೇಳುತ್ತೇನೆ.

ಇಂತಿ,
ಗಾಜಿನಾಚೆ ಬರಿಗೈಯಲ್ಲಿ ನಿಂತಿದ್ದ
ಜಯ, ಮಣ್ಣಗುಡ್ಡ